ಶೂ, ಛೂ ಮತ್ತು ಶರಣಪ್ಪ

ನಾಯಿಯನ್ನೋ ಕಾಗೆಯನ್ನೋ ಓಡಿಸುವಾಗ ಮನುಷ್ಯ ವ್ಯಾಕರಣವನ್ನು ಕೈಬಿಟ್ಟುಬಿಡುತ್ತಾನೆ, ನೀವು ಗಮನಿಸಿದ್ದೀರೋ ಇಲ್ಲವೋ. ಕರೆಯುವುದಾದರೆ ಒಂದು ಹೆಸರು ಬೇಕು, ಅದರ ಹಿಂದೆ ಮುದ್ದಿನ ವಿಶೇಷಣ ಬೇಕು, ಕೊನೆಗೊಂದು "ಬಾರೋ" ಬೇಕು. ಅಟ್ಟುವುದಕ್ಕೆ ಒಂದು ಉಸಿರು ಸಾಕು. ಇಂದಿರಾನಗರದ ನಮ್ಮ ವಿಮಾ ನೌಕರರ ಕಾಲೊನಿಯಲ್ಲಿ ಬೆಳಗಿನ ಹೊತ್ತು ಪೇಪರ್ ಹಿಡಿದು ವರಾಂಡದಲ್ಲಿ ಕೂತರೆ ಈ ಉಸಿರಿನ ನಾನಾ ಬಗೆಗಳು ಕಿವಿಗೆ ಬೀಳುತ್ತಿದ್ದವು. ನನ್ನ ಹೆಂಡತಿ ಸುಮಿತ್ರ ನಾಯಿಗೆ "ಹಚಾ" ಎನ್ನುತ್ತಿದ್ದಳು, ಸಂಡಿಗೆಗೆ ಬಂದ ಕಾಗೆಗೆ "ಹುಶ್". ಎದುರು ಮನೆಯ ತಮಿಳು ಅಜ್ಜಿಯದು "ಪೋ, ಪೋ". ಶಿವಾಜಿನಗರದಿಂದ ಸೈಕಲ್ ತುಳಿದುಕೊಂಡು ಬರುತ್ತಿದ್ದ ಹಳೇ ಪೇಪರಿನ ಅನ್ವರ್ ಭಾಯಿಯದು "ಹಟ್". ಮೇಲಿನ ಮಹಡಿಯ ಮ್ಯಾನೇಜರರ ಹೆಂಡತಿಯದು ನಯವಾದ "ಶೂ". ನಮ್ಮ ಬೀದಿಯ ನಾಯಿಗಳಿಗೆ ಈ ಎಲ್ಲ ಭಾಷೆಗಳೂ ಬರುತ್ತಿದ್ದವು. ಯಾವುದಕ್ಕೂ ಎದ್ದು ಹೋಗುತ್ತಿರಲಿಲ್ಲ, ಅಷ್ಟೆ.

ಇವುಗಳಲ್ಲಿ "ಶೂ" ಒಂದನ್ನು ಕೇಳಿದಾಗ ಮಾತ್ರ ನನಗೆ ಇವತ್ತಿಗೂ ಹೊಟ್ಟೆಯಲ್ಲಿ ಸಣ್ಣಗೆ ಉರಿಯೇಳುತ್ತದೆ. ಡಾಕ್ಟರು ಅದನ್ನು ಗ್ಯಾಸ್ ಎನ್ನುತ್ತಾರೆ. ಅದರ ಹೆಸರು ಶರಣಪ್ಪ ಎಂದು ನನಗೆ ಗೊತ್ತು.

ತೊಂಬತ್ತರ ದಶಕದ ನಡುಭಾಗದಲ್ಲಿ ಶರಣಪ್ಪ ರಾಯಚೂರಿನಿಂದ ವರ್ಗವಾಗಿ ನಮ್ಮ ಆಫೀಸಿಗೆ ಬಂದು ನನ್ನ ಪಕ್ಕದ ಮೇಜಿಗೆ ಕೂತ. ಅವನ ಹೆಂಡತಿ ಮಹಾದೇವಿ ರಾಯಚೂರಿನಲ್ಲೇ ಸರ್ಕಾರಿ ಶಾಲೆಯಲ್ಲಿ ಟೀಚರು. ಆಕೆಗೆ ಬೆಂಗಳೂರಿಗೆ ವರ್ಗ ಸಿಕ್ಕಿರಲಿಲ್ಲ. ಹೀಗಾಗಿ ಬಾಣಸವಾಡಿಯಲ್ಲಿ ಒಂದು ರೂಮು ಮಾಡಿಕೊಂಡು, ಸ್ಟೇಷನ್ನಿನ ರೈಲುಗಳ ಕೂಗು ಕೇಳುತ್ತಾ, ಒಬ್ಬನೇ ಇದ್ದ. ಬಂದ ಹೊಸದರಲ್ಲಿ ನನಗೆ ಅವನ ಮೇಲೆ ಕನಿಕರವಿತ್ತು. ಕನಿಕರ ಬಹಳ ಸುಖವಾದ ಭಾವನೆ. ಅದರಲ್ಲಿ ನಾವು ಮೇಲೆ ಇರುತ್ತೇವೆ. ಆದರೆ ಶರಣಪ್ಪ ಬಾಯಿ ತೆರೆದ ಮೇಲೆ ಆ ಸುಖ ಹೆಚ್ಚು ದಿನ ಉಳಿಯಲಿಲ್ಲ. ಅವನು ಬಸ್ಸು ತಪ್ಪಿಸಿಕೊಂಡ ಸಂಗತಿಯನ್ನು ಹೇಳಿದರೂ ಅದಕ್ಕೊಂದು ಆರಂಭ, ಒಂದು ಸಂಕಟ, ಒಬ್ಬ ಕಂಡಕ್ಟರು, ಕೊನೆಗೊಂದು ನಗು ಇರುತ್ತಿತ್ತು. ಕ್ಯಾಂಟೀನಿನಲ್ಲಿ ಅವನ ಮೇಜಿಗೆ ಕುರ್ಚಿ ಸಾಲದೆ ನನ್ನ ಮೇಜಿನ ಕುರ್ಚಿಗಳನ್ನು ಎತ್ತಿಕೊಂಡು ಹೋಗುತ್ತಿದ್ದರು.

ಅವನು ಬರುವ ಮೊದಲು ಆಫೀಸಿನಲ್ಲಿ ಮಾತಿನ ವಿಷಯಕ್ಕೆ ನಾನೇ ಯಜಮಾನ. ಯಾವ ಪದಕ್ಕೆ ಮಹಾಪ್ರಾಣ, ಯಾವುದಕ್ಕೆ ಅಲ್ಪಪ್ರಾಣ ಎಂದು ಕೇಳಬೇಕಾದರೆ "ಮೂರ್ತಿ ಸರ್" ಎಂದು ನನ್ನ ಹತ್ತಿರವೇ ಬರುತ್ತಿದ್ದರು. ನಮ್ಮ ಕನ್ನಡ ಸಂಘದಲ್ಲಿ ವಿಭಕ್ತಿ ಪ್ರತ್ಯಯಗಳ ಸೌಂದರ್ಯದ ಬಗ್ಗೆ ಒಮ್ಮೆ ಮಾತನಾಡಿದ್ದೆ. ಸಪ್ತಮಿಗೆ ಬರುವಷ್ಟರಲ್ಲಿ ಸಭೆಯಲ್ಲಿ ಮೈಕಿನವನು ಮಾತ್ರ ಉಳಿದಿದ್ದ. ಅವನಿಗೆ ಮೈಕು ವಾಪಸು ಬೇಕಾಗಿತ್ತು.

ಒಂದು ಮಧ್ಯಾಹ್ನ ಡಬ್ಬಿ ಬಿಚ್ಚುವಾಗ ಶರಣಪ್ಪ ಕೇಳಿದ: "ಮೂರ್ತಿಯವರ, ನಮ್ಮ ಮನಿ ಮಾಲಕಿ ರೋಸಿ ಆಂಟಿ ಅದಾಳಲ್ರಿ, ಕಾಗಿ ಬಂತಂದ್ರ ಶೂ ಶೂ ಅಂತಾಳ್ರಿ. ಕಾಗಿಗೆ ಬೂಟು ಯಾಕ ಬೇಕ್ರಿ?"

ರೋಸಿ ಆಂಟಿ ಎಂದರೆ ಕಂಟೋನ್ಮೆಂಟಿನ ಯಾವುದೋ ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತರಾದವರು. ಕಾಗೆಯ ಜೊತೆಗೂ ಇಂಗ್ಲಿಷಿನಲ್ಲೇ ವ್ಯವಹಾರ.

"ಅದು ಬೂಟಲ್ಲ ಕಣ್ರೀ, ಬೇರೆ ಪದ. ಪ್ರಾಣಿ ಓಡಿಸೋಕೆ ಇಂಗ್ಲಿಷ್‌ನೋರು ಹಾಗಂತಾರೆ," ಎಂದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ನನ್ನ ಮುಂದಿನ ದಿನಗಳು ನೆಮ್ಮದಿಯಾಗಿರುತ್ತಿದ್ದವು. ವಿದ್ವತ್ತು ಸುಮ್ಮನಿರಬೇಕಲ್ಲ! "ನಮ್ಮಲ್ಲಿ ನಾಯೀನ ಛೂ ಬಿಡ್ತಾರಲ್ಲ, ಆ ಛೂಗೂ ಈ ಶೂಗೂ ಏನೋ ನೆಂಟಸ್ತಿಕೆ ಇರ್ಬೇಕು. ವಿಚಿತ್ರ ನೋಡಿ, ಅವರು ಹಾಗಂದ್ರೆ ನಾಯಿ ದೂರ ಹೋಗ್ಬೇಕು, ನಾವು ಹಾಗಂದ್ರೆ ನಾಯಿ ಮೈಮೇಲೆ ಬರ್ಬೇಕು," ಎಂದೂ ಸೇರಿಸಿದೆ.

ಶರಣಪ್ಪ ರೊಟ್ಟಿ ಕೈಯಲ್ಲಿ ಹಿಡಿದು ನನ್ನನ್ನೇ ನೋಡಿದ. "ಭಾರಿ ಮಾತ್ ಹೇಳಿದ್ರಿ," ಎಂದ. ನನಗೂ ಭಾರಿ ಖುಷಿಯಾಯಿತು.

ಆ ವರ್ಷದ ರಾಜ್ಯೋತ್ಸವಕ್ಕೆ ಸಂಘದವರು ಶರಣಪ್ಪನನ್ನೇ ಭಾಷಣಕ್ಕೆ ಕರೆದರು. ನಿರೂಪಕಿ ಅವನನ್ನು "ನಮ್ಮ ನಗೆಯ ಬುಗ್ಗೆ" ಎಂದು ಪರಿಚಯಿಸಿದಳು. ನನ್ನನ್ನು ಪರಿಚಯಿಸುವಾಗ ಇದೇ ಹುಡುಗಿ "ಹಿರಿಯ ಸಹಾಯಕರು" ಎಂದಿದ್ದಳು. ನನಗೆ ತಟ್ಟನೆ ಚಹಾ ಕುಡಿಯಬೇಕೆನಿಸಿ ಸಭಾಂಗಣದ ಹಿಂಬದಿಗೆ ಹೋದೆ. ಒಳಗಿನಿಂದ ನಗೆಯ ಅಲೆ ಬಂದಾಗ ಲೋಟ ಕೆಳಗಿಟ್ಟು ಬಂದು ಬಾಗಿಲಲ್ಲಿ ನಿಂತೆ. ಶರಣಪ್ಪ ಹೇಳುತ್ತಿದ್ದ ಕಥೆ ಹೀಗಿತ್ತು. ಹಿಂದೆ ಒಬ್ಬ ಬಿಳಿಯ ಸಾಹೇಬ ಕೃಷ್ಣಾ ತೀರದಲ್ಲಿ ಟೋಪಿ ಹಾಕಿಕೊಂಡು ಹೋಗುತ್ತಿದ್ದ. ಕುರಿ ಕಾಯುವವನೊಬ್ಬ ತನ್ನ ನಾಯಿಗೆ "ಛೂ" ಎಂದ. ನಾಯಿ ಟೋಪಿಯನ್ನು ಕಿತ್ತುಕೊಂಡು ಓಡಿತು. ಇಷ್ಟು ಸಣ್ಣ ಮಾತಿಗೆ ಇಷ್ಟು ದೊಡ್ಡ ಶಕ್ತಿಯೇ ಎಂದು ಬೆರಗಾದ ಸಾಹೇಬ ಆ ಮಾತನ್ನು ಹಡಗಿಗೆ ಹಾಕಿಕೊಂಡು ಹೋದ. ಸಮುದ್ರದ ಉಪ್ಪುಗಾಳಿಗೆ ಛೂ ಸವೆದು ಶೂ ಆಯಿತು. ಅಷ್ಟು ದೂರ ಹೋಗಿ ಸುಸ್ತಾದದ್ದರಿಂದ ಅದಕ್ಕೆ ಕಚ್ಚುವ ಶಕ್ತಿ ಹೋಗಿ ಓಡಿಸುವ ಶಕ್ತಿ ಮಾತ್ರ ಉಳಿಯಿತು. "ಹಿಂಗ, ಇಂಗ್ಲಿಷಿನವ್ರು ನಾಯಿ ಓಡಸಾಕ ಕಲ್ತದ್ದೂ ಕನ್ನಡದಿಂದರೀ!"

ಚಪ್ಪಾಳೆ ಎಂದರೆ ಎಂಥ ಚಪ್ಪಾಳೆ. ಮ್ಯಾನೇಜರರು ಎದ್ದು ನಿಂತು ತಟ್ಟಿದರು. ಮುಂದಿನ ಸಾಲಿನಲ್ಲಿ ಕಣ್ಣೊರೆಸಿಕೊಂಡು ನಗುತ್ತಿದ್ದ ಹೆಂಗಸು ಯಾರೆಂದು ನೋಡಿದರೆ ಸುಮಿತ್ರ.

ನನ್ನ ಛೂ. ನನ್ನ ಊಟದ ಡಬ್ಬಿಯ ಪಕ್ಕದಲ್ಲಿ ಹುಟ್ಟಿದ ಮಾತು. ಅದಕ್ಕೆ ಅವನು ಟೋಪಿ ಹಾಕಿ ಹಡಗು ಹತ್ತಿಸಿಬಿಟ್ಟಿದ್ದ.

ಮರುದಿನದಿಂದ ಆಫೀಸಿನಲ್ಲಿ ಎಲ್ಲೆಲ್ಲೂ "ಶೂ". ಫೈಲು ತಂದವರಿಗೆ ಶೂ, ಲಿಫ್ಟಿಗೆ ನುಗ್ಗಿದವರಿಗೆ ಶೂ. ಮ್ಯಾನೇಜರರು ಕ್ಯಾಂಟೀನಿಗೆ ಬಂದು ನಮ್ಮನ್ನೆಲ್ಲ ಸೀಟಿಗೆ ಅಟ್ಟುವಾಗಲೂ ಶೂ. ಅದನ್ನೆಲ್ಲ ಸಹಿಸಿಕೊಂಡೆ. ಭಾನುವಾರ ಬೆಳಿಗ್ಗೆ ನಮ್ಮ ಕಟ್ಟಡದ ತಾರಸಿಯ ಮೇಲೆ ಸಂಡಿಗೆ ಕಾಯುತ್ತಿದ್ದ ಸುಮಿತ್ರ, ನನ್ನ ಕೈಹಿಡಿದಂದಿನಿಂದ ಕಾಗೆಗೆ "ಹುಶ್" ಬಿಟ್ಟು ಇನ್ನೊಂದು ಮಾತನ್ನು ಆಡದ ಸುಮಿತ್ರ, "ಶೂ" ಎಂದಳು. ಎಂದು, ತಾನೇ ನಕ್ಕಳು.

"ಹುಶ್‌ಗೆ ಏನಾಗಿತ್ತು?" ಎಂದೆ.

"ಏನೂ ಆಗಿಲ್ಲ. ಶರಣಪ್ಪನೋರು ನೆನಪಾದ್ರು," ಎಂದಳು.

ಗಂಡಸು ಇಂಥ ಮಾತನ್ನು ಕೇಳಿಸಿಕೊಂಡ ಮೇಲೆ ಕುಡಿಯಲು ಹೋಗುವುದುಂಟು. ನಾನು ಗ್ರಂಥಾಲಯಕ್ಕೆ ಹೋದೆ.

ಕಂಟೋನ್ಮೆಂಟಿನ ಕಡೆ ಒಂದು ಹಳೆಯ ಗ್ರಂಥಾಲಯವಿತ್ತು. ಅಲ್ಲಿ ಗೋಡೆಯುದ್ದಕ್ಕೂ ದಪ್ಪ ದಪ್ಪ ಇಂಗ್ಲಿಷ್ ನಿಘಂಟುಗಳು. ಮೂಲದಲ್ಲೇ ಶರಣಪ್ಪನನ್ನು ಮುರಿಯಬೇಕೆಂದು ಧೂಳು ಕೊಡವಿ ಪುಟ ತೆರೆದೆ. ಸಿಕ್ಕಿತು. ಶೂ ಎಂಬ ಮಾತು ಹದಿನೈದನೆಯ ಶತಮಾನದ ಬರವಣಿಗೆಯಲ್ಲೇ ಇದೆ. ಆ ಕಾಲಕ್ಕೆ ಇಂಗ್ಲಿಷರು ನಮ್ಮ ಕೃಷ್ಣೆಯನ್ನೂ ಕಂಡಿರಲಿಲ್ಲ, ನಮ್ಮ ನಾಯಿಯನ್ನೂ ಕಂಡಿರಲಿಲ್ಲ. ಅಂದರೆ ಸಾಹೇಬನೂ ಸುಳ್ಳು, ಟೋಪಿಯೂ ಸುಳ್ಳು! ಓದುತ್ತಾ ಓದುತ್ತಾ ನನ್ನ ಮೀಸೆ ಕುಣಿಯತೊಡಗಿತು. ಕೋಳಿಯನ್ನು ಅಟ್ಟಲು ಹುಟ್ಟಿದ ಉದ್ಗಾರ ಮುಂದೆ ಕ್ರಿಯಾಪದವಾಯಿತಂತೆ. ಅದರ ಬಾಲ ಹಿಡಿದು ಇನ್ನೊಂದು ಪದವೂ ಹುಟ್ಟಿಕೊಂಡಿದೆ, ಶೂ-ಇನ್ ಎಂದು. ಅಮೆರಿಕದ ಕುದುರೆ ಜೂಜಿನಲ್ಲಿ ಸವಾರರು ಒಳಗೊಳಗೇ ಮಾತಾಡಿಕೊಂಡು ತಮ್ಮ ಕುದುರೆಗಳ ಲಗಾಮು ಎಳೆದು ಹಿಡಿದು, ಒಂದು ಕುದುರೆಯನ್ನು ಮಾತ್ರ "ಶೂ" ಎಂದು ಮುಂದಕ್ಕೆ ಅಟ್ಟಿ ಗೆಲ್ಲಿಸುತ್ತಿದ್ದರಂತೆ. ಗೆಲುವು ಮೊದಲೇ ಗೊತ್ತಾಗಿರುವವನಿಗೆ ಆ ಹೆಸರು ನಿಂತಿತು. ನಮ್ಮ ಸಂಘದ ಸಭೆಗಳು ಕಣ್ಣಮುಂದೆ ಬಂದವು. ಅಲ್ಲಿ ಯಾವ ಕುದುರೆ ಶರಣಪ್ಪ, ಲಗಾಮು ಎಳೆಸಿಕೊಂಡ ಕುದುರೆ ಯಾವುದು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಮೂಲ? ಅಲ್ಲಿಗೆ ಬಂದಾಗ ನಿಘಂಟು ಕೈಚೆಲ್ಲಿತ್ತು. ಇದು ಯಾವ ಭಾಷೆಯಿಂದಲೂ ಬಂದದ್ದಲ್ಲ, ಓಡಿಸುವಾಗ ಬಾಯಿಂದ ತಾನಾಗಿ ಹೊರಡುವ ಸದ್ದು. ಜರ್ಮನರಲ್ಲೂ ಫ್ರೆಂಚರಲ್ಲೂ ಇಟಲಿಯವರಲ್ಲೂ ಇಂಥದ್ದೇ ಸದ್ದುಗಳಿವೆ. ಯಾರೂ ಯಾರಿಂದಲೂ ಕದ್ದದ್ದಲ್ಲ. ಕೋಳಿ ಕಾಳಿಗೆ ಬಾಯಿ ಹಾಕಿತು, ಮನುಷ್ಯ ಉಸಿರು ಬಿಟ್ಟ, ಅಷ್ಟೆ. ಅಂದರೆ ಶರಣಪ್ಪನ ಛೂ ಕಥೆಯ ಜೊತೆಗೆ ನನ್ನ ನೆಂಟಸ್ತಿಕೆಯ ಮಾತೂ ಬಿದ್ದುಹೋಯಿತು. ಈ ಎರಡನೆಯ ಭಾಗವನ್ನು ಸಭೆಯಲ್ಲಿ ಹೇಳಬೇಕಾಗಿಲ್ಲ ಎಂದು ಅಲ್ಲೇ ತೀರ್ಮಾನಿಸಿ ಪುಸ್ತಕ ಮುಚ್ಚಿದೆ.

ಸೋಮವಾರ ಆಫೀಸಿಗೆ ಹೋದರೆ ಶರಣಪ್ಪನ ಕುರ್ಚಿ ಖಾಲಿ. ಸ್ವಲ್ಪ ಹೊತ್ತಿಗೆ ರೋಸಿ ಆಂಟಿಯ ಫೋನು. ಬಾಣಸವಾಡಿಯ ಅವರ ಬೀದಿಯಲ್ಲಿ ಮರಿ ಹಾಕಿದ್ದ ನಾಯಿಯೊಂದು ಗೇಟಿಗೆ ಅಡ್ಡ ಮಲಗಿತ್ತಂತೆ. ಭಾಷಣದ ಗೆಲುವು ಇನ್ನೂ ತಲೆಯಲ್ಲಿದ್ದ ಶರಣಪ್ಪ ಅದಕ್ಕೆ ಠೀವಿಯಿಂದ "ಶೂ" ಎಂದಿದ್ದಾನೆ. ಅದು ಪಕ್ಕಾ ಕನ್ನಡದ ನಾಯಿಯಿರಬೇಕು, ಛೂ ಎಂದೇ ಕೇಳಿಸಿಕೊಂಡು ಮೀನಖಂಡಕ್ಕೆ ಬಾಯಿ ಹಾಕಿದೆ.

ಸ್ಕೂಟರಿನಲ್ಲಿ ಹೋಗಿ ಅವನನ್ನು ಹಿಂದೆ ಕೂರಿಸಿಕೊಂಡು ಶಿವಾಜಿನಗರದ ದೊಡ್ಡಾಸ್ಪತ್ರೆಗೆ ಕರೆದೊಯ್ದೆ. ಆ ಕಾಲದಲ್ಲಿ ನಾಯಿ ಕಚ್ಚಿದರೆ ಹೊಟ್ಟೆಗೆ ಚುಚ್ಚುತ್ತಿದ್ದರು, ದಿನವೂ ಹೋಗಬೇಕಿತ್ತು. ಪಂಚೆ ಮೊಣಕಾಲಿಗೆತ್ತಿಕೊಂಡು ಸಾಲಿನಲ್ಲಿ ನಿಂತವನು ನರಳಬೇಕು ತಾನೆ? ಹಿಂದೆ ನಿಂತವರು "ಏನಾಯ್ತು ಸಾರ್?" ಎಂದು ಕೇಳಿದ್ದೇ ತಡ, ಶುರುವಾಯಿತು. ನಾಯಿಯ ಕಡೆಯಿಂದ ಹೇಳಿದ, ತನ್ನ ಕಡೆಯಿಂದ ಹೇಳಿದ, ಭಾಷೆಯ ಕಡೆಯಿಂದ ಹೇಳಿದ. ಸಾಲಿನಲ್ಲಿದ್ದವರೆಲ್ಲ ತಮ್ಮ ತಮ್ಮ ಕಡಿತಗಳನ್ನು ಮರೆತು ನಕ್ಕರು. ಸಿರಿಂಜು ಹಿಡಿದು ಬಂದ ನರ್ಸು, "ಸುಮ್ನೆ ಇರಿ ಅಣ್ಣ, ನಗ್ತಾ ನಗ್ತಾ ಸೂಜಿ ಎಲ್ಲೋ ಚುಚ್ಚಿಬಿಡ್ತೀನಿ," ಎಂದರು. ನಾನು ಅವನ ಚೀಲ ಹಿಡಿದು ಗೋಡೆಗೊರಗಿ ನಿಂತಿದ್ದೆ. ಆಗ ನನ್ನ ಮನಸ್ಸಿನಲ್ಲಿ ಬಂದ ಆಲೋಚನೆ ಇದು: ಇಷ್ಟು ವರ್ಷ ಬೆಂಗಳೂರಿನಲ್ಲಿದ್ದೇನೆ, ಹಲಸೂರಿನ ಕೆರೆ ಏರಿಯ ಮೇಲೆ ದಿನವೂ ಬೆಳಿಗ್ಗೆ ನಾಯಿಗಳ ನಡುವೆಯೇ ವಾಕಿಂಗ್ ಹೋಗುತ್ತೇನೆ, ಒಂದಾದರೂ ನನ್ನನ್ನು ಕಚ್ಚಿದೆಯೇ?

ಸುಮಿತ್ರ ಕೇಳಿದವಳೇ ಇಂಜೆಕ್ಷನ್ ಮುಗಿಯುವವರೆಗೆ ಅವನು ನಮ್ಮ ಮನೆಯಲ್ಲೇ ಇರಬೇಕೆಂದು ಹಟ ಹಿಡಿದಳು. ಶರಣಪ್ಪ ನನ್ನ ಬೆತ್ತದ ಕುರ್ಚಿಯಲ್ಲಿ ಕೂತ, ಕಾಲನ್ನು ನನ್ನ ಸ್ಟೂಲಿನ ಮೇಲಿಟ್ಟ, ನನ್ನ ಪೇಪರನ್ನು ಮೊದಲು ಓದಿದ. ಕಾಲೊನಿಯವರು ಮೋಸಂಬಿ ಹಿಡಿದುಕೊಂಡು ಅವನನ್ನು ನೋಡಲು ಬಂದರು. ಮೇಲಿನ ಮಹಡಿಯ ಮ್ಯಾನೇಜರರ ಮನೆಯವರಂತೂ ಇಷ್ಟು ವರ್ಷಗಳಲ್ಲಿ ಮೊದಲ ಸಲ ನಮ್ಮ ಮನೆಯ ಹೊಸ್ತಿಲು ತುಳಿದರು. ನನಗೆ ಟೈಫಾಯಿಡ್ ಆಗಿದ್ದಾಗ ಮೆಟ್ಟಿಲಿನಿಂದಲೇ "ಹೇಗಿದ್ದಾರೆ?" ಎಂದು ಕೇಳಿದ್ದವರು. ಅಡುಗೆಮನೆಯಿಂದ "ಶರಣಪ್ಪನೋರೆ, ಚಟ್ನಿಗೆ ಖಾರ ಸಾಕಾ?" ಎಂದು ಕೇಳಿಸುತ್ತಿತ್ತು. ನನ್ನ ನಾಲಿಗೆಗೆ ಖಾರದ ವಿಷಯದಲ್ಲಿ ಅಭಿಪ್ರಾಯವಿದೆ ಎಂದು ಆ ಮನೆಯಲ್ಲಿ ಯಾರಿಗೂ ನೆನಪಿರಲಿಲ್ಲ.

ಒಂದು ಸಂಜೆ ಸುಮಿತ್ರ ತರಕಾರಿಗೆ ಹೋಗಿದ್ದಾಗ ತಡೆಯಲಾರದೆ ಕೇಳಿಯೇಬಿಟ್ಟೆ. "ಶರಣಪ್ಪ, ಆ ಛೂ ಮಾತು ನಾನು ಹೇಳಿದ್ದು."

"ಹೌದಲ್ರೀ, ನಿಮ್ದ," ಎಂದ, ಪೇಪರಿನಿಂದ ತಲೆಯೆತ್ತಿ.

"ಮತ್ತೆ ಸ್ಟೇಜ್ ಮೇಲೆ ನಿಮ್ಮದೇ ಅನ್ನೋ ಹಾಗೆ ಹೇಳಿದ್ರಲ್ಲ?"

ಶರಣಪ್ಪ ಪೇಪರು ಮಡಚಿಟ್ಟ. ಅವನ ಮುಖದಲ್ಲಿ ನಿಜವಾದ ಆಶ್ಚರ್ಯವಿತ್ತು. "ಮೊದಲ್ನೇ ಮಾತೇ ನಿಮ್ಮ ಹೆಸ್ರು ಹೇಳೀನಲ್ರೀ! ಇದು ನಮ್ಮ ಮೂರ್ತಿಯವ್ರು ಕೊಟ್ಟ ಬೀಜ, ನಾ ನೀರು ಹಾಕೀನಿ ಅಷ್ಟ ಅಂತ. ಎಲ್ಲಾರೂ ಹೊಳ್ಳಿ ನಿಮ್ಮನ್ನ ಹುಡುಕಿದ್ರು. ನೀವ ಇರ್ಲಿಲ್ಲ. ಎಲ್ಲಿ ಹೋಗಿದ್ರಿ?"

ನನ್ನ ಹೆಸರಿಗೆ ಸಭೆಯೆಲ್ಲ ತಿರುಗಿ ನೋಡಿದ ಒಂದೇ ಒಂದು ಗಳಿಗೆ ಅದು. ಆಗ ನಾನು ಸಭಾಂಗಣದ ಹಿಂದೆ ಸಕ್ಕರೆ ಕಡಿಮೆಯಾಯಿತೆಂದು ಚಹಾದವನ ಜೊತೆ ಜಗಳವಾಡುತ್ತಿದ್ದೆ.

ಸೋತವನಿಗೆ ಸಿಟ್ಟು ಜಾಸ್ತಿ. "ಅದಿರ್ಲಿ, ನಿಮ್ಮ ಕಥೆ ಪೂರ್ತಿ ತಪ್ಪು ಕಣ್ರೀ. ನಿಘಂಟು ನೋಡಿದೀನಿ," ಎಂದು ಹದಿನೈದನೆಯ ಶತಮಾನದಿಂದ ಹಿಡಿದು ಕುದುರೆ ಜೂಜಿನವರೆಗೆ ಎಲ್ಲವನ್ನೂ ಅವನ ಮೇಲೆ ಸುರಿದೆ. ಅವನು ಕುಗ್ಗಲಿಲ್ಲ. ಕುರ್ಚಿಯ ತುದಿಗೆ ಸರಿದು ಕೂತ. "ಅಲ್ರೀ, ಇದು ನನ್ನ ಕಥಿಗಿಂತ ಚೊಲೋ ಐತಿ! ಯಾವ ದೇಶದಾಗ ಹೋದ್ರೂ ಕೋಳಿ ಓಡಸೂ ಉಸಿರು ಒಂದ ಅಂದ್ರ ಏನ್ ಕಡಿಮಿ ಮಾತಾತು? ಇದನ್ನ ನೀವು ಸಂಘದಾಗ ಹೇಳಬೇಕ್ರಿ. ನಾ ಮುಂದ ಕುಂತು ಕೇಳ್ತೀನಿ. ಶರಣಪ್ಪ ಹೇಳಿದ್ದು ಸುಳ್ಳು ಅಂತ ಮೊದಲ ಹೇಳ್ರಿ, ಮಂದಿ ಕಿವಿ ನಿಮಿರ್ತಾವ."

ಹೇಳಿದಂತೆಯೇ ಕಾರ್ಯದರ್ಶಿಯ ಬೆನ್ನು ಹತ್ತಿ ಸಂಕ್ರಾಂತಿಯ ಸಭೆಯಲ್ಲಿ ನನ್ನ ಭಾಷಣ ಇಡಿಸಿದ. ನಾನು ಮಾತಾಡಿದೆ. ಎಲ್ಲವೂ ಸರಿಯಾಗಿತ್ತು, ಒಂದು ಶತಮಾನವೂ ಹಿಂದೆಮುಂದಾಗಲಿಲ್ಲ. ಆದರೂ ಇಟಲಿಗೆ ಬರುವಷ್ಟರಲ್ಲಿ ಹಿಂದಿನ ಸಾಲುಗಳಲ್ಲಿ ಕಬ್ಬು ಸಿಗಿಯುವ ಸದ್ದು ಶುರುವಾಯಿತು. ಆಗ ಮುಂದಿನ ಸಾಲಿನಿಂದ ಶರಣಪ್ಪ ಎದ್ದ. "ಮೂರ್ತಿ ಸರ್, ಒಂದ್ ಪ್ರಶ್ನೆ ಐತ್ರಿ. ಎಲ್ಲಾ ದೇಶದ ಉಸಿರೂ ಒಂದ ಅಂದ್ರ, ಆ ನಾಯಿ ನನ್ನನ್ನ ಯಾಕ ಕಡೀತು?"

ಸಭೆ ಗೊಳ್ಳೆಂದಿತು. ನಾನು ಯೋಚನೆಯಿಲ್ಲದೆ, "ಅದಕ್ಕೆ ಮರಿ ಇತ್ತು ಸ್ವಾಮಿ. ತಾಯಂದಿರು ಯಾವ ಭಾಷೆಯನ್ನೂ ಕೇಳಲ್ಲ," ಎಂದುಬಿಟ್ಟೆ. ಅದು ನನ್ನ ಜೀವಮಾನದ ಚಪ್ಪಾಳೆ. ಹೆಂಗಸರ ಕಡೆಯಿಂದಂತೂ ನಿಲ್ಲಲೇ ಇಲ್ಲ. ಮನೆಗೆ ಬಂದು ಹಾಸಿಗೆಯಲ್ಲಿ ಮಲಗಿ ಆ ಸದ್ದನ್ನು ಮತ್ತೆ ಮತ್ತೆ ನೆನೆಸಿಕೊಂಡೆ. ಆಮೇಲೆ ಹೊಳೆಯಿತು. ಆ ಚಪ್ಪಾಳೆಗೆ ಜಾಗ ಮಾಡಿಕೊಟ್ಟವನು ಅವನು. ನನ್ನ ಜಾಗದಲ್ಲಿ ಅವನು ನಿಂತು ತಡವರಿಸುತ್ತಿದ್ದರೆ ನಾನು ಹಾಗೆ ಎದ್ದು ನಿಲ್ಲುತ್ತಿದ್ದೆನೇ? ಇಲ್ಲ. ನಾನೂ ಕಬ್ಬು ಸಿಗಿಯುತ್ತಿದ್ದೆ. ಅವನ ಮಾತಿನ ಮೇಲಿದ್ದ ಹೊಟ್ಟೆಕಿಚ್ಚೇ ಸಾಲದೆಂಬಂತೆ ಇನ್ನು ಅವನ ಒಳ್ಳೆಯತನದ ಮೇಲೂ ಪಡಬೇಕಾಯಿತು. ಇದು ಮೊದಲಿನದಕ್ಕಿಂತ ಹೆಚ್ಚು ಸುಡುತ್ತದೆ. ಮಾತುಗಾರಿಕೆಯನ್ನಾದರೂ ಅಣಕಿಸಬಹುದು, ಒಳ್ಳೆಯತನವನ್ನು ಏನು ಮಾಡುವುದು?

ಮುಂದಿನ ಬೇಸಿಗೆಯಲ್ಲಿ ಮಹಾದೇವಿಯವರಿಗೆ ಕೆ.ಆರ್. ಪುರದ ಕಡೆಯ ಶಾಲೆಯೊಂದಕ್ಕೆ ವರ್ಗ ಸಿಕ್ಕಿತು. ಶರಣಪ್ಪ ರೂಮು ಬಿಟ್ಟು ಅಲ್ಲಿ ಮನೆ ಮಾಡಿದ. ಸುಮಿತ್ರ ಇಬ್ಬರನ್ನೂ ಊಟಕ್ಕೆ ಕರೆದಳು. ಮಹಾದೇವಿ ಶಾಂತ ಸ್ವಭಾವದ, ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವ ಹೆಂಗಸು. ಎಲೆ ಹಾಕಿದ ಸ್ವಲ್ಪ ಹೊತ್ತಿಗೆ ಶರಣಪ್ಪ ತಮ್ಮೂರ ಗೌಡರ ಕೋಣ ಮದುವೆಯ ಚಪ್ಪರಕ್ಕೆ ನುಗ್ಗಿದ ಕಥೆಯನ್ನು ಎತ್ತಿಕೊಂಡ. ಸುಮಿತ್ರ ಆಗಲೇ ನಗಲು ಸಿದ್ಧಳಾಗಿದ್ದಳು. ಮಹಾದೇವಿ ಪಲ್ಯ ಕಲಸಿಕೊಳ್ಳುತ್ತಾ, "ಸಾಕ್ ಬಿಡ್ರಿ. ಲಗ್ನ ಆದಾಗಿಂದ ಆ ಕೋಣ ಓಡಾಕ ಹತ್ತೈತಿ," ಎಂದರು. ಕೋಪವೇನಿಲ್ಲ, ಮನೆಯವರು ಹೇಳುವಂತೆ ಹೇಳಿದರು. ಶರಣಪ್ಪ ನಕ್ಕು ಕೋಣವನ್ನು ಅಲ್ಲೇ ನಿಲ್ಲಿಸಿದ.

ಏನಾದರೂ ಹೇಳಬೇಕಲ್ಲ ಎಂದು ನಾನು ನನ್ನ ಮೊದಲ ದೀಪಾವಳಿಯ ಸಂಗತಿ ತೆಗೆದೆ. ತುಮಕೂರಿನ ಮಾವನ ಮನೆಯ ಹಿತ್ತಲಲ್ಲಿ ಒಣಹಾಕಿದ್ದ ನನ್ನ ಹೊಸ ಅಂಗಿಯನ್ನು ಆಡೊಂದು ತಿನ್ನುತ್ತಿತ್ತು. ಹೊಸ ಅಳಿಯ, ಕೂಗಾಡಿದರೆ ಮರ್ಯಾದೆಯಲ್ಲ. ಕಿಟಕಿಯಿಂದ ಅತ್ತೆ ನೋಡುತ್ತಿದ್ದಾರೆ. ಹೀಗಾಗಿ ನಾನು ಆಡಿನ ಕಿವಿಯ ಹತ್ತಿರ ಬಗ್ಗಿ, ಪಿಸುಮಾತಿನಲ್ಲಿ, "ಸ್ವಲ್ಪ ಆ ಕಡೆ ಹೋಗ್ತೀರಾ?" ಎಂದು ಬಹುವಚನದಲ್ಲಿ ಕೇಳಿದೆ.

ಮಹಾದೇವಿ ತುತ್ತು ಕೆಳಗಿಟ್ಟರು. ಸೆರಗು ಬಾಯಿಗೆ ಒತ್ತಿಕೊಂಡರು. ಆಮೇಲೆ ಅದನ್ನೂ ಬಿಟ್ಟು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಆಡಿಗೆ ಬಹುವಚನ್ರೀ! ಆಮ್ಯಾಲೆ ಏನಾತ್ರಿ ಅಣ್ಣಾರ, ಹೇಳ್ರಿ!"

ಶರಣಪ್ಪನ ಕಡೆ ನೋಡಿದೆ. ಅವನೂ ನಗುತ್ತಿದ್ದ, ತುಟಿಯಲ್ಲಿ ಮಾತ್ರ. ಕೈ ಚಪಾತಿಯನ್ನು ಹರಿಯುತ್ತಿತ್ತು, ಹರಿದ ಚೂರನ್ನೇ ಮತ್ತೆ ಹರಿಯುತ್ತಿತ್ತು. ಕಣ್ಣು ಹೆಂಡತಿಯ ಮುಖದ ಮೇಲಿತ್ತು. ಆ ಮುಖಭಾವ ನನಗೆ ಪರಿಚಯವಿಲ್ಲದ್ದೇ? ಬೆಳಿಗ್ಗೆ ಗಡ್ಡ ಹೆರೆದುಕೊಳ್ಳುವಾಗ ಕನ್ನಡಿಯಲ್ಲಿ ದಿನವೂ ನೋಡುತ್ತಿದ್ದೆ. ಇವನ ಹತ್ತಿರವೂ ಇದು ಇದೆಯೇ ಎಂದು ಒಂದು ಕ್ಷಣ ಎಷ್ಟು ಹಗುರವಾಯಿತೆಂದರೆ, ಎದ್ದು ಅವನನ್ನು ತಬ್ಬಿಕೊಳ್ಳಬೇಕೆನಿಸಿತು.

"ಶರಣಪ್ಪನಿಗೆ ಇನ್ನೊಂದು ಚಪಾತಿ ಹಾಕೇ," ಎಂದೆ ಸುಮಿತ್ರಳಿಗೆ.

ಕಥೆಯನ್ನು ಅಲ್ಲಿಗೇ ಬಿಡಬಹುದಿತ್ತು. ಅಷ್ಟು ದೊಡ್ಡ ಮನಸ್ಸು ನನಗಿಲ್ಲ. ಆಡು ಒಂದು ತೋಳನ್ನು ಮುಗಿಸಿ ಇನ್ನೊಂದಕ್ಕೆ ಬಾಯಿ ಹಾಕುವ ಭಾಗ ಬಾಕಿಯಿತ್ತು, ಚೆನ್ನಾಗಿರುವುದೂ ಅದೇ. ಹೇಳಿದೆ. ಸ್ವಲ್ಪ ಬೇಗ ಮುಗಿಸಿದೆ, ಅಷ್ಟೆ.